ಬಂದರಿಗೆ ಬೇಗ ಹೋದರೆ ಹಡಗು ಬೇಗ ಹತ್ತಬಹುದೇ?

ಮುಂಬಯಿಯ ಇಂದಿರಾ ಡಾಕ್‌ನಲ್ಲಿ ತಲೆಯೆತ್ತಿರುವ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ಲನ್ನು ಪ್ರಧಾನಿ ನರೇಂದ್ರ ಮೋದಿ 2025ರ ಸೆಪ್ಟೆಂಬರ್ 20ರಂದು ಉದ್ಘಾಟಿಸಿದರು. ವರ್ಷಕ್ಕೆ 10 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವ ಉದ್ದೇಶದಿಂದ ರೂಪಿಸಲಾದ ಈ ಕಟ್ಟಡದಲ್ಲಿ ಚೆಕ್-ಇನ್ ಹಾಗೂ ವಲಸೆ ತಪಾಸಣೆಗೆಂದೇ 72 ಕೌಂಟರುಗಳಿವೆ. ಅದಕ್ಕೆ ಒಂದು ವರ್ಷ ಮುಂಚೆ, 2024ರ ಸೆಪ್ಟೆಂಬರ್ 30ರಂದು, ಇದೇ ಮುಂಬಯಿ ಬಂದರಿನಲ್ಲಿ ಕೇಂದ್ರ ನೌಕಾಯಾನ ಸಚಿವ ಸರ್ಬಾನಂದ ಸೋನೊವಾಲ್ ‘ಕ್ರೂಸ್ ಭಾರತ್ ಮಿಷನ್’ಗೆ ಚಾಲನೆ ನೀಡಿದ್ದರು. 2029ರ ಹೊತ್ತಿಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಅದರ ಗುರಿ.

ಕಟ್ಟಡವೇನೋ ಎದ್ದಿದೆ, ಗುರಿಯೂ ಗೊತ್ತಾಗಿದೆ. ಆದರೆ ಟಿಕೆಟ್ ಕೊಂಡು ಪೆಟ್ಟಿಗೆ ಕಟ್ಟಿಕೊಳ್ಳುವ ಪ್ರಯಾಣಿಕನ ಮುಂದೆ ಇರುವುದು ತೀರಾ ಸರಳವಾದ ಒಂದು ಪ್ರಶ್ನೆ: ಬಂದರಿಗೆ ಎಷ್ಟು ಹೊತ್ತಿಗೆ ಹೋಗಬೇಕು? ಬೇಗ ಹೋದವರಿಗೆ ಬೇಗ ಹತ್ತಲು ಬಿಡುತ್ತಾರೆಯೇ? ರೈಲಿಗೆ ಒಂದು ಗಂಟೆ ಮುಂಚೆ, ವಿಮಾನಕ್ಕೆ ಎರಡು ಮೂರು ಗಂಟೆ ಮುಂಚೆ ಎಂಬ ಲೆಕ್ಕ ನಮ್ಮ ನಗರವಾಸಿಗಳಿಗೆ ರಕ್ತಗತವಾಗಿದೆ. ಹಡಗಿನ ಲೆಕ್ಕ ಈ ಎರಡಕ್ಕಿಂತಲೂ ಬೇರೆ. ಅದು ಗೊತ್ತಿಲ್ಲದೆ ಹೋದವರು ಒಂದೋ ಬಿಸಿಲಿನಲ್ಲಿ ಮೂರು ತಾಸು ಸಾಲು ನಿಲ್ಲುತ್ತಾರೆ, ಇಲ್ಲವೇ ಕುಟುಂಬದ ಒಂದು ವರ್ಷದ ಉಳಿತಾಯವನ್ನು ದಕ್ಕೆಯ ಮೇಲೆ ನಿಂತು ಕಳೆದುಕೊಳ್ಳುತ್ತಾರೆ.

ಬೇಗ ಹತ್ತುವ ಆಸೆ ಅಕಾರಣವಾದುದೇನೂ ಅಲ್ಲ. ಕ್ರೂಸ್ ಟಿಕೆಟ್ಟಿನ ದರದಲ್ಲಿ ಊಟ, ವಸತಿ, ಮನರಂಜನೆ ಎಲ್ಲವೂ ಸೇರಿರುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿದವನಿಗೆ ಆ ದಿನದ ಊಟ ಹಡಗಿನಲ್ಲೇ ಸಿಗುತ್ತದೆ, ಈಜುಕೊಳ ಖಾಲಿ ಇರುತ್ತದೆ, ರಾತ್ರಿಯ ಪ್ರದರ್ಶನಗಳಿಗೆ ಆಸನ ಕಾಯ್ದಿರಿಸಲು ಅವಕಾಶವಿರುತ್ತದೆ. ನಾಲ್ಕಕ್ಕೆ ಹತ್ತಿದವನಿಗೂ ದರ ಅಷ್ಟೇ. ಕೆರಿಬಿಯನ್‌ನ ಏಳು ರಾತ್ರಿಗಳ ಯಾನದಲ್ಲಿ ಈ ನಾಲ್ಕು ತಾಸು ದೊಡ್ಡ ಮಾತಲ್ಲ. ಮುಂಬಯಿಯಿಂದ ಹೊರಡುವ ಎರಡು ಮೂರು ರಾತ್ರಿಗಳ ಯಾನಕ್ಕೆ ಅದು ನಿಜಕ್ಕೂ ದೊಡ್ಡ ಪಾಲು. ಭಾರತದ ಕ್ರೂಸ್ ಮಾರುಕಟ್ಟೆ ನಿಂತಿರುವುದೇ ಇಂಥ ಚಿಕ್ಕ ಯಾನಗಳ ಮೇಲೆ ಎಂಬುದನ್ನು ನೆನಪಿಡಬೇಕು.

ಬೆಳಗಿನ ಐದರಿಂದ ಹನ್ನೊಂದರವರೆಗೆ

ಈ ಉದ್ಯಮದ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಅಮೆರಿಕದ ಮಯಾಮಿ ಬಂದರನ್ನು ನೋಡುವುದು ಒಳ್ಳೆಯದು. 2024ರ ಸೆಪ್ಟೆಂಬರಿಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ಈ ಬಂದರು 82 ಲಕ್ಷಕ್ಕೂ ಹೆಚ್ಚು ಕ್ರೂಸ್ ಪ್ರಯಾಣಿಕರನ್ನು ಕಂಡಿದೆ. ವಾರಾಂತ್ಯಗಳಲ್ಲಿ ಅಲ್ಲಿ ಒಂದೇ ದಿನ ಹಲವು ದೈತ್ಯ ಹಡಗುಗಳು ಸಾಲಾಗಿ ನಿಲ್ಲುತ್ತವೆ. ಜಗತ್ತಿನ ಉಳಿದ ಬಂದರುಗಳು ಅನುಸರಿಸುತ್ತಿರುವ ಪದ್ಧತಿಗಳಲ್ಲಿ ಬಹುಪಾಲು ಫ್ಲಾರಿಡಾದ ಬಂದರುಗಳಲ್ಲೇ ಪಳಗಿದವು.

ಹಡಗು ಬೆಳಗಿನ ಐದು ಆರರ ಸುಮಾರಿಗೆ ದಕ್ಕೆಗೆ ಬರುತ್ತದೆ. ಅದು ಖಾಲಿ ಹಡಗಲ್ಲ. ಹಿಂದಿನ ವಾರದ ಪ್ರಯಾಣಿಕರು ಅದರಲ್ಲಿದ್ದಾರೆ. ಕಸ್ಟಮ್ಸ್ ಮತ್ತು ವಲಸೆ ಅಧಿಕಾರಿಗಳ ಅನುಮತಿ ಸಿಕ್ಕ ಮೇಲೆ, ಏಳರ ಹೊತ್ತಿಗೆ ಅವರು ಇಳಿಯತೊಡಗುತ್ತಾರೆ. ಕೊನೆಯವನು ಇಳಿಯುವಾಗ ಒಂಬತ್ತೂವರೆಯೋ ಹತ್ತೋ ಆಗಿರುತ್ತದೆ. ಅದೇ ಹೊತ್ತಿನಲ್ಲಿ ಹಡಗಿನ ಇನ್ನೊಂದು ಬದಿಯಲ್ಲಿ ಇಂಧನ, ನೀರು, ವಾರಕ್ಕಾಗುವಷ್ಟು ತರಕಾರಿ, ಮಾಂಸ, ಹಾಲು ಏರುತ್ತಿರುತ್ತವೆ; ಕಸ ಇಳಿಯುತ್ತಿರುತ್ತದೆ. 2024ರ ಜನವರಿ 27ರಂದು ಮಯಾಮಿಯಿಂದಲೇ ಮೊದಲ ಯಾನ ಹೊರಟ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ 2,800ಕ್ಕೂ ಹೆಚ್ಚು ಕೊಠಡಿಗಳಿವೆ. ಇಷ್ಟು ಕೊಠಡಿಗಳ ಹಾಸಿಗೆ, ಹೊದಿಕೆ, ಸ್ನಾನದ ಮನೆ ಎಲ್ಲವನ್ನೂ ಕೆಲವೇ ತಾಸುಗಳಲ್ಲಿ ಹೊಸತುಗೊಳಿಸಬೇಕು.

ಈ ಕೆಲಸ ಮಾಡುವವರು ಯಾರೆಂಬುದನ್ನು ಪ್ರಚಾರಪತ್ರಗಳು ತೋರಿಸುವುದಿಲ್ಲ. ಫಿಲಿಪ್ಪೀನ್ಸ್, ಇಂಡೊನೇಷ್ಯಾ ಮತ್ತು ಭಾರತದ ಯುವಕ ಯುವತಿಯರು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸೋಂಕಿನಿಂದ ದಿಗ್ಬಂಧನಕ್ಕೊಳಗಾದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿದ್ದ 138 ಭಾರತೀಯರ ಪೈಕಿ 132 ಮಂದಿ ಸಿಬ್ಬಂದಿಯೇ ಆಗಿದ್ದರು. ಮಂಗಳೂರು, ಉಡುಪಿ, ಕಾರವಾರದ ಎಷ್ಟೋ ಮನೆಗಳಲ್ಲಿ ‘ಹಡಗಿನಲ್ಲಿದ್ದಾನೆ’ ಎಂದರೆ ಇಂಥದೇ ನೌಕರಿ ಎಂದು ಅರ್ಥ. ಹಳಬರು ಇಳಿದು ಹೊಸಬರು ಹತ್ತುವ ದಿನ ಅವರ ಪಾಲಿಗೆ ವಾರದ ಅತ್ಯಂತ ಕಠಿಣ ದಿನ. ಪ್ರಯಾಣಿಕ ಎಷ್ಟೇ ಬೇಗ ಹತ್ತಿದರೂ ಕೊಠಡಿ ಒಂದು ಒಂದೂವರೆಗೆ ಮೊದಲು ಸಿಗದಿರುವುದಕ್ಕೆ ಕಾರಣ ಇದೇ.

ಇನ್ನೂ ಒಂದು ತಡೆ ಇದೆ, ಅದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಪ್ರಯಾಣಿಕರು ಒಬ್ಬರೂ ಉಳಿದಿಲ್ಲ, ಅಥವಾ ಮುಂದಿನ ಯಾನಕ್ಕೂ ಉಳಿಯುವವರ ತಪಾಸಣೆ ಮುಗಿದಿದೆ ಎಂದು ಅಧಿಕಾರಿಗಳಿಗೆ ಖಚಿತವಾಗುವವರೆಗೆ ಹೊಸಬರನ್ನು ಬಿಡುವಂತಿಲ್ಲ. ಉದ್ಯಮದವರು ಇದನ್ನು ‘ಝೀರೋ ಕೌಂಟ್’ ಎನ್ನುತ್ತಾರೆ. ಯಾರೋ ಒಬ್ಬ ಪ್ರಯಾಣಿಕ ಕೊಠಡಿಯಲ್ಲಿ ನಿದ್ದೆಹೋದರೂ ಸಾಕು, ಧ್ವನಿವರ್ಧಕದಲ್ಲಿ ಅವನ ಹೆಸರು ಮೊಳಗುತ್ತದೆ, ಹೊರಗೆ ಸಾವಿರಾರು ಜನ ಕಾಯುತ್ತಾರೆ. ಹೀಗಾಗಿ ಬೋರ್ಡಿಂಗ್ ಸಾಮಾನ್ಯವಾಗಿ ಆರಂಭವಾಗುವುದು ಹತ್ತೂವರೆ, ಹನ್ನೊಂದಕ್ಕೆ. ಬೆಳಿಗ್ಗೆ ಎಂಟಕ್ಕೇ ಬಂದು ನಿಂತವನಿಗೆ ಸಿಗುವುದು ಇಳಿಯುತ್ತಿರುವವರ ನೂಕುನುಗ್ಗಲಿನ ದರ್ಶನ ಮಾತ್ರ. ಮಯಾಮಿಯಲ್ಲಂತೂ ಬಂದರಿರುವುದೇ ಒಂದು ದ್ವೀಪದ ಮೇಲೆ. ಒಂದು ಸೇತುವೆ ಮತ್ತು 2014ರ ಆಗಸ್ಟಿನಲ್ಲಿ ತೆರೆದ ಒಂದು ಸುರಂಗ, ಇವೆರಡೇ ದಾರಿ. ಹತ್ತರಿಂದ ಹನ್ನೆರಡರ ನಡುವೆ ಇಳಿದವರ ಟ್ಯಾಕ್ಸಿ, ಹತ್ತುವವರ ಟ್ಯಾಕ್ಸಿ, ಸರಕಿನ ಲಾರಿ ಎಲ್ಲವೂ ಅಲ್ಲೇ.

ಮೊದಲು ಹತ್ತುವ ಹಕ್ಕು ಯಾರದು?

ಹಿಂದೆ ಬಂದವರನ್ನು ಬಂದ ಸಾಲಿನಲ್ಲಿ ಹತ್ತಿಸುವ ಪದ್ಧತಿಯೇ ಹೆಚ್ಚಾಗಿತ್ತು. ಕೋವಿಡ್ ಅದನ್ನು ಬದಲಿಸಿತು. 2020ರ ಮಾರ್ಚಿನಲ್ಲಿ ನಿಂತುಹೋದ ಯಾನಗಳು 2021ರ ಜೂನ್‌ನಲ್ಲಿ ಅಮೆರಿಕದ ಬಂದರುಗಳಿಂದ ಮತ್ತೆ ಆರಂಭವಾದಾಗ, ಟರ್ಮಿನಲ್ಲಿನೊಳಗೆ ಜನಸಂದಣಿ ಆಗಬಾರದೆಂದು ಪ್ರತಿಯೊಬ್ಬರಿಗೂ ಅರ್ಧ ತಾಸಿನಷ್ಟು ಅವಧಿಯ ಆಗಮನ ಸಮಯ ನಿಗದಿ ಮಾಡಲಾಯಿತು. ಸೋಂಕು ಹೋಯಿತು, ಸಮಯ ನಿಗದಿ ಉಳಿಯಿತು. ಕಂಪನಿಗಳಿಗೆ ಅದರಿಂದ ಲಾಭವೇ ಆಗಿತ್ತು. ಕೌಂಟರುಗಳಿಗೆ ಕಡಿಮೆ ಸಿಬ್ಬಂದಿ ಸಾಕಾಯಿತು, ದಾಖಲೆ ತುಂಬುವ ಕೆಲಸವನ್ನು ಪ್ರಯಾಣಿಕನೇ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಮುಗಿಸಿಕೊಂಡು ಬರತೊಡಗಿದ.

ಇದರ ಪರಿಣಾಮವೆಂದರೆ, ಬೇಗ ಹತ್ತುವ ಸ್ಪರ್ಧೆ ಬಂದರಿನ ಬಾಗಿಲಿನಿಂದ ಮೊಬೈಲಿನ ಪರದೆಗೆ ಸರಿದದ್ದು. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಯಾನಕ್ಕೆ 45 ದಿನ ಮುಂಚೆ ಆನ್‌ಲೈನ್ ಚೆಕ್-ಇನ್ ತೆರೆಯುತ್ತದೆ. ಅದು ತೆರೆಯುತ್ತಿದ್ದಂತೆಯೇ ಪಾಸ್‌ಪೋರ್ಟ್ ವಿವರ, ಭಾವಚಿತ್ರ ತುಂಬಿದವನಿಗೆ ಹನ್ನೊಂದರ ಆಸುಪಾಸಿನ ಸಮಯ ಸಿಗುತ್ತದೆ. ಹತ್ತು ದಿನ ತಡೆದವನಿಗೆ ಎರಡು ಗಂಟೆಯೋ ಮೂರು ಗಂಟೆಯೋ ಉಳಿದಿರುತ್ತದೆ. ರೈಲ್ವೆಯ ತತ್ಕಾಲ್ ಟಿಕೆಟ್ಟಿಗೆ ಬೆರಳು ಸಿದ್ಧಮಾಡಿಕೊಂಡು ಕೂರುವ ನಮ್ಮವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ! ಪ್ರಯಾಣದ ಏಜೆಂಟರ ಮೂಲಕ ಟಿಕೆಟ್ ಕೊಂಡವರು ಮಾತ್ರ ಇಲ್ಲಿ ಎಡವುತ್ತಾರೆ. ಚೆಕ್-ಇನ್ ತಾನೇ ಮಾಡಿಕೊಡುತ್ತೇನೆಂದ ಏಜೆಂಟ್ ಕೊನೆಯ ವಾರದಲ್ಲಿ ಮಾಡಿದರೆ ಬೇಗ ಹತ್ತುವ ಮಾತೇ ಇಲ್ಲ.

ಇದರ ಮೇಲೆ ಮತ್ತೊಂದು ಪದರವಿದೆ. ದುಬಾರಿ ಕೊಠಡಿಯವರು, ಮತ್ತೆ ಮತ್ತೆ ಬಂದ ಗಿರಾಕಿಗಳು ಪ್ರತ್ಯೇಕ ಸಾಲಿನಲ್ಲಿ ಮೊದಲು ಹತ್ತುತ್ತಾರೆ. ಉಳಿದವರಿಗೆ ಅದೇ ಸವಲತ್ತನ್ನು ಹಣಕ್ಕೆ ಮಾರುವ ಕ್ರಮವೂ ಬಂದಿದೆ. ರಾಯಲ್ ಕೆರಿಬಿಯನ್ ಅದಕ್ಕೆ ‘ದ ಕೀ’ ಎಂದೂ ಕಾರ್ನಿವಲ್ ‘ಫಾಸ್ಟರ್ ಟು ದ ಫನ್’ ಎಂದೂ ಹೆಸರಿಟ್ಟವು. ದೇವಸ್ಥಾನದ ವಿಶೇಷ ದರ್ಶನದ ಸಾಲನ್ನು ಕಂಡವರಿಗೆ ಇದು ಹೊಸತೆನಿಸಲಿಕ್ಕಿಲ್ಲ. ಆದರೆ ಹಣ ಕೊಟ್ಟವನೂ ಝೀರೋ ಕೌಂಟ್ ಮುಗಿಯದೆ ಒಳಗೆ ಕಾಲಿಡಲಾರ. ಅವನು ಕೊಂಡದ್ದು ಸಾಲಿನಲ್ಲಿ ಮುಂದಿನ ಜಾಗ ಅಷ್ಟೆ. ಹಡಗು ತಡವಾಗಿ ಬಂದ ದಿನ ಅವನೂ ಎಲ್ಲರಂತೆ ಕಾಯಬೇಕು. ಟ್ಯಾಂಪಾ, ಗ್ಯಾಲ್ವೆಸ್ಟನ್ ಬಂದರುಗಳಲ್ಲಿ ಚಳಿಗಾಲದ ಮಂಜು ಕವಿದು ಕಾಲುವೆ ಮುಚ್ಚಿದಾಗ ಹೀಗೆ ಅರ್ಧ ದಿನ ತಡವಾದದ್ದುಂಟು. ಅಂಥ ದಿನಗಳಲ್ಲಿ ಕಂಪನಿಗಳು ಮೊಬೈಲಿಗೆ ಸಂದೇಶ ಕಳುಹಿಸಿ ಹೊಸ ಸಮಯ ತಿಳಿಸುತ್ತವೆ. ಬೆಳಿಗ್ಗೆ ಹೊಟೇಲು ಬಿಡುವ ಮುನ್ನ ಒಮ್ಮೆ ಅದನ್ನು ನೋಡುವುದು ಕ್ಷೇಮ.

ನಿಗದಿಯಾದ ಸಮಯಕ್ಕಿಂತ ಮುಂಚೆ ಹೋದರೆ? ಉತ್ತರ ಬಂದರಿನಿಂದ ಬಂದರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಸಾಲು ಚಿಕ್ಕದಿದ್ದರೆ ಸಿಬ್ಬಂದಿ ಒಳಗೆ ಬಿಟ್ಟಾರು, ಇಲ್ಲವೇ ನಿಮ್ಮ ಸಮಯಕ್ಕೆ ಬನ್ನಿ ಎಂದು ಹೊರಗೇ ನಿಲ್ಲಿಸಿಯಾರು. ಹದಿನೈದು ಇಪ್ಪತ್ತು ನಿಮಿಷದ ವ್ಯತ್ಯಾಸವನ್ನು ಯಾರೂ ಗಣಿಸುವುದಿಲ್ಲ. ಎರಡು ತಾಸು ಮುಂಚೆ ಹೋಗುವುದರಲ್ಲಿ ಅರ್ಥವಿಲ್ಲ. ವೃದ್ಧ ತಂದೆತಾಯಿಯರನ್ನೋ ಚಿಕ್ಕ ಮಕ್ಕಳನ್ನೋ ಕರೆದೊಯ್ಯುವವರಂತೂ ಈ ಸಾಹಸಕ್ಕೆ ಕೈಹಾಕಬಾರದು. ಗಾಲಿಕುರ್ಚಿ ಬೇಕಾದವರು ಅದನ್ನು ಮುಂಗಡವಾಗಿ ತಿಳಿಸಿದ್ದರೆ ಅವರಿಗೆ ಪ್ರತ್ಯೇಕ ಸಾಲಿನ ವ್ಯವಸ್ಥೆ ಬಹುತೇಕ ಟರ್ಮಿನಲ್ಲುಗಳಲ್ಲಿದೆ.

ದೊಡ್ಡ ಪೆಟ್ಟಿಗೆಗಳ ವಿಷಯ ಬೇರೆ. ಟರ್ಮಿನಲ್ಲಿನ ಹೊರಗೇ ಅವನ್ನು ಕೂಲಿಗಳ ಕೈಗೆ ಒಪ್ಪಿಸಬೇಕು. ಅವು ಕೊಠಡಿ ಸೇರುವುದು ಸಂಜೆ, ಕೆಲವೊಮ್ಮೆ ರಾತ್ರಿ. ಆದ್ದರಿಂದ ಬೇಗ ಹತ್ತುವವರು ಔಷಧಿ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ. ಮಧುಮೇಹದ ಗುಳಿಗೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಮಧ್ಯಾಹ್ನದ ಊಟಕ್ಕೆ ಕುಳಿತವರ ಪಾಡು ಊಹಿಸಿಕೊಳ್ಳಬಹುದು.

ಮುಚ್ಚುವ ಹೊತ್ತು

ತೆರೆಯುವ ಹೊತ್ತಿನ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುತ್ತದೆ. ನಿಜವಾಗಿ ಕಟ್ಟುನಿಟ್ಟಾದದ್ದು ಮುಚ್ಚುವ ಹೊತ್ತು. ಟಿಕೆಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿರುವುದು ಹಡಗು ಹೊರಡುವ ಸಮಯ. ಚೆಕ್-ಇನ್ ಮುಗಿಯುವುದು ಅದಕ್ಕಿಂತ 60ರಿಂದ 90 ನಿಮಿಷ ಮುಂಚೆ ಎಂಬ ಮಾತು ಷರತ್ತುಗಳ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ನಾಲ್ಕಕ್ಕೆ ಹೊರಡುವ ಹಡಗಿಗೆ ಮೂರೂಕಾಲಿಗೆ ಬಂದವನು ತಾನು ಮುಕ್ಕಾಲು ತಾಸು ಮುಂಚೆಯೇ ಬಂದೆನೆಂದು ಭಾವಿಸುತ್ತಾನೆ. ಹಡಗು ಕಣ್ಣೆದುರೇ ನಿಂತಿರುತ್ತದೆ, ಏಣಿ ಇನ್ನೂ ತೆಗೆದಿರುವುದಿಲ್ಲ. ಆದರೂ ಅವನನ್ನು ಬಿಡುವುದಿಲ್ಲ.

ಇದು ಕಂಪನಿಯ ಹಟಮಾರಿತನವೆಂದು ಮೇಲುನೋಟಕ್ಕೆ ಕಾಣುವುದು ಸಹಜ. ಹಿಂದೆ ಎರಡು ಗಟ್ಟಿ ಕಾರಣಗಳಿವೆ. ಅಮೆರಿಕದ ನಿಯಮದಂತೆ, ಹಡಗಿನಲ್ಲಿರುವ ಪ್ರತಿಯೊಬ್ಬರ ವಿವರವಿರುವ ಪಟ್ಟಿ ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲು ಗಡಿ ರಕ್ಷಣಾ ಇಲಾಖೆಗೆ ವಿದ್ಯುನ್ಮಾನ ರೂಪದಲ್ಲಿ ತಲುಪಬೇಕು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ಭದ್ರತಾ ಬಿಗಿಯ ಫಲ ಇದು. ಪಟ್ಟಿ ಹೋದ ಮೇಲೆ ಹೆಸರು ಸೇರಿಸುವುದೆಂದರೆ ಇಡೀ ಹಡಗನ್ನು ತಡೆಯುವ ಪ್ರಶ್ನೆ.

ಎರಡನೆಯ ಕಾರಣ ಇಟಲಿಯ ಕಡಲಿನದು. 2012ರ ಜನವರಿ 13ರ ರಾತ್ರಿ ‘ಕೋಸ್ಟಾ ಕಾಂಕೋರ್ಡಿಯಾ’ ಹಡಗು ಜಿಲ್ಯೊ ದ್ವೀಪದ ಬಳಿ ಬಂಡೆಗೆ ಬಡಿದು ವಾಲಿತು. 4,200ಕ್ಕೂ ಹೆಚ್ಚು ಜನರಿದ್ದ ಆ ಹಡಗಿನಲ್ಲಿ 32 ಮಂದಿ ಸತ್ತರು. ಅದೇ ಸಂಜೆ ಚೀವಿತಾವೆಕ್ಕಿಯಾ ಬಂದರಿನಲ್ಲಿ ಹತ್ತಿದ ನೂರಾರು ಪ್ರಯಾಣಿಕರಿಗೆ ಅಪಾಯದ ವೇಳೆ ಎಲ್ಲಿ ಸೇರಬೇಕೆಂಬ ತಾಲೀಮು ಇನ್ನೂ ಆಗಿರಲಿಲ್ಲ. ಆಗಿನ ನಿಯಮ 24 ತಾಸುಗಳೊಳಗೆ ತಾಲೀಮು ನಡೆಸಿದರೆ ಸಾಕೆಂದಿತ್ತು. ಆ ದುರಂತದ ಬಳಿಕ ಅಂತಾರಾಷ್ಟ್ರೀಯ ಕಡಲ ಸುರಕ್ಷತಾ ಒಡಂಬಡಿಕೆಗೆ ತಿದ್ದುಪಡಿಯಾಗಿ, 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯವಾಯಿತು. ಪ್ರಯಾಣಿಕರೆಲ್ಲ ಒಂದು ತಾಸು ಮುಂಚೆಯಾದರೂ ಹಡಗಿನಲ್ಲಿರದಿದ್ದರೆ ಇದು ನಡೆಯುವಂತಿಲ್ಲ. ಈ ಮುಚ್ಚುವ ಗಡುವಿನ ಹಿಂದೆ 32 ಜನರ ಸಾವಿದೆ ಎಂಬುದನ್ನು ಕೌಂಟರಿನಲ್ಲಿ ಜಗಳ ಕಾಯುವವರಿಗೆ ತಿಳಿಸುವವರಿಲ್ಲ.

ತಪ್ಪಿದ ಹಡಗನ್ನು ಮುಂದಿನ ಬಂದರಿನಲ್ಲಿ ಹಿಡಿಯಬಹುದಲ್ಲ ಎಂಬುದು ಸಾಮಾನ್ಯ ಊಹೆ. ಕೆಲವೊಮ್ಮೆ ಸಾಧ್ಯ, ಹಲವೊಮ್ಮೆ ಕಾನೂನೇ ಅಡ್ಡ ಬರುತ್ತದೆ. 1886ರಲ್ಲಿ ಅಮೆರಿಕ ಮಾಡಿದ ಪ್ರಯಾಣಿಕ ಹಡಗು ಕಾಯಿದೆಯ ಪ್ರಕಾರ, ವಿದೇಶಿ ಧ್ವಜದ ಹಡಗು ಆ ದೇಶದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವನನ್ನು, ದೂರದ ವಿದೇಶಿ ಬಂದರೊಂದನ್ನು ಮುಟ್ಟದೆ, ಅದೇ ದೇಶದ ಮತ್ತೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ಕ್ರೂಸ್ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮಾದಂಥ ದೇಶಗಳ ಧ್ವಜ ಹೊತ್ತವು. ಸಿಯಾಟಲ್‌ನಲ್ಲಿ ಅಲಾಸ್ಕಾ ಹಡಗು ತಪ್ಪಿಸಿಕೊಂಡವನು ವಿಮಾನದಲ್ಲಿ ಜೂನೊಗೆ ಹಾರಿ ಅಲ್ಲಿ ಹತ್ತಿ ಸಿಯಾಟಲ್‌ಗೆ ಮರಳಲು ಹೊರಟರೆ ಈ ಕಾಯಿದೆಯ ಉಲ್ಲಂಘನೆ. ಹಡಗಿಗೆ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ 900 ಡಾಲರಿಗೂ ಹೆಚ್ಚಿನ ದಂಡ ಬೀಳುತ್ತದೆ, ಕಂಪನಿ ಅದನ್ನು ಪ್ರಯಾಣಿಕನ ಮೇಲೆಯೇ ಹೇರಬಹುದು, ಅಥವಾ ಹತ್ತಿಸಿಕೊಳ್ಳುವುದೇ ಇಲ್ಲ. ನೂರ ನಲವತ್ತು ವರ್ಷ ಹಿಂದೆ ಅಮೆರಿಕದ ಹಡಗು ಮಾಲೀಕರ ಹಿತ ಕಾಯಲು ಮಾಡಿದ ಕಾಯಿದೆ ಇಂದು ಬೆಂಗಳೂರಿನಿಂದ ಮಗನ ಮನೆಗೆ ಹೋಗಿ ಅಲಾಸ್ಕಾ ನೋಡಬಯಸುವ ವೃದ್ಧ ದಂಪತಿಗೂ ಅನ್ವಯಿಸುತ್ತದೆ!

ದಾರಿಯ ನಡುವಿನ ಬಂದರುಗಳಲ್ಲೂ ಇದೇ ಕಟ್ಟುನಿಟ್ಟು. 2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕದ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ವಾಹನದಲ್ಲಿ ಸುತ್ತಾಡಲು ಹೋದ ಎಂಟು ಪ್ರಯಾಣಿಕರು ತಡವಾಗಿ ಮರಳಿದಾಗ ‘ನಾರ್ವೇಜಿಯನ್ ಡಾನ್’ ಹಡಗು ಅವರನ್ನು ಹತ್ತಿಸಿಕೊಳ್ಳದೆ ಹೊರಟಿತು. ಹಡಗು ಇನ್ನೂ ಲಂಗರು ಹಾಕಿ ನಿಂತಿದ್ದರೂ ಅವರಿಗೆ ಪ್ರವೇಶ ಸಿಗಲಿಲ್ಲ. ಹಲವು ದೇಶಗಳ ಮೂಲಕ ಹಡಗನ್ನು ಬೆನ್ನಟ್ಟಿ ಅವರು ಅದನ್ನು ಸೇರಲೆತ್ನಿಸಿದ ಕಥೆ ಜಗತ್ತಿನಾದ್ಯಂತ ಸುದ್ದಿಯಾಯಿತು. ಸಹಾನುಭೂತಿ ಸಿಕ್ಕಿತು, ನಿಯಮ ಬದಲಾಗಲಿಲ್ಲ.

ಒಂದು ದಿನದ ಅಂತರ

ಇಷ್ಟನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬಂದರಿನ ಬಾಗಿಲಿಗೆ ಎಷ್ಟು ತಾಸು ಮುಂಚೆ ಹೋಗಬೇಕೆಂಬುದಕ್ಕಿಂತ, ಬಂದರಿರುವ ಊರಿಗೆ ಎಷ್ಟು ಮುಂಚೆ ಹೋಗಬೇಕೆಂಬುದೇ ಮುಖ್ಯ ಪ್ರಶ್ನೆ. ಹಿಂದಿನ ರಾತ್ರಿಯೇ ಊರು ಸೇರಿದವನು ಹನ್ನೊಂದರ ಸಮಯಕ್ಕೆ ನಿಶ್ಚಿಂತೆಯಿಂದ ಹೋಗಬಹುದು. ಅದೇ ದಿನ ಬೆಳಿಗ್ಗೆ ವಿಮಾನ ಹತ್ತಿದವನಿಗೆ ಬೇಗ ಹತ್ತುವ ಮಾತಿರಲಿ, ಹತ್ತುವುದೇ ಅನಿಶ್ಚಿತ.

ಇದು ಅತಿಯಾದ ಎಚ್ಚರಿಕೆ ಎನ್ನುವವರು ಇತ್ತೀಚಿನ ಎರಡು ಘಟನೆಗಳನ್ನು ನೆನೆಯಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ತಂತ್ರಾಂಶದ ಒಂದು ದೋಷದಿಂದ ಜಗತ್ತಿನಾದ್ಯಂತ ವಿಮಾನ ನಿಲ್ದಾಣಗಳು ಸ್ತಬ್ಧವಾದವು. ಬೆಂಗಳೂರಿನಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಹಂಚಬೇಕಾಯಿತು. 2025ರ ಡಿಸೆಂಬರ್ ಮೊದಲ ವಾರದಲ್ಲಿ, ಪೈಲಟ್‌ಗಳ ಕರ್ತವ್ಯದ ಅವಧಿಗೆ ಸಂಬಂಧಿಸಿದ ಹೊಸ ನಿಯಮಗಳಿಗೆ ಸಿದ್ಧತೆ ಸಾಲದೆ ಇಂಡಿಗೊ ಸಂಸ್ಥೆಯ ವಿಮಾನಗಳು ಸಾಲುಸಾಲಾಗಿ ರದ್ದಾದವು. ಡಿಸೆಂಬರ್ 5ರ ಒಂದೇ ದಿನ ರದ್ದಾದ ವಿಮಾನಗಳ ಸಂಖ್ಯೆ ಸಾವಿರ ದಾಟಿತ್ತು. ಬೆಂಗಳೂರು ತೀವ್ರ ಪೆಟ್ಟು ತಿಂದ ನಿಲ್ದಾಣಗಳಲ್ಲಿ ಒಂದು. ಕ್ರೂಸ್ ಋತು ಏರುವುದೂ ಅದೇ ತಿಂಗಳಿನಲ್ಲಿ ಎಂಬುದನ್ನು ಮರೆಯುವಂತಿಲ್ಲ. ಇವೆರಡೂ ಅಪರೂಪದವು ಎಂದಿಟ್ಟುಕೊಂಡರೂ, ದಿಲ್ಲಿಯ ಮಂಜಿನಿಂದ ತಡವಾದ ವಿಮಾನವೇ ಬೆಂಗಳೂರಿಗೆ ಬಂದು ಮುಂಬಯಿಗೆ ಹೊರಡಬೇಕಾದ ಪ್ರಸಂಗ ಪ್ರತಿ ಚಳಿಗಾಲದ ಪಾಡು.

ಹಡಗು ತಪ್ಪಿದರೆ ನಷ್ಟ ಯಾರದು? ವಿಮಾನದ ಟಿಕೆಟ್ ಒಂದು ಕಡೆ, ಹಡಗಿನ ಟಿಕೆಟ್ ಇನ್ನೊಂದು ಕಡೆ ಕೊಂಡವನದೇ. ವಿಮಾನ ಸಂಸ್ಥೆ ತನ್ನ ಟಿಕೆಟ್ಟಿನ ಹಣ ಮರಳಿಸುತ್ತದೆ ಅಥವಾ ಬೇರೆ ವಿಮಾನ ಕೊಡುತ್ತದೆ. ತಪ್ಪಿದ ಹಡಗಿಗೆ ಅದು ಹೊಣೆಯಲ್ಲ ಎನ್ನುತ್ತದೆ. ಹಡಗಿನ ಕಂಪನಿಯ ದೃಷ್ಟಿಯಲ್ಲಿ ಬಾರದ ಪ್ರಯಾಣಿಕನೆಂದರೆ ಕೊನೆಯ ಗಳಿಗೆಯಲ್ಲಿ ರದ್ದುಮಾಡಿದವನು, ಅಂದರೆ ಮರುಪಾವತಿ ಇಲ್ಲ. ಪ್ರಯಾಣ ವಿಮೆಯಲ್ಲಿ ಸಂಪರ್ಕ ತಪ್ಪಿದ್ದಕ್ಕೆ ಪರಿಹಾರವಿರುವುದುಂಟಾದರೂ ಎಷ್ಟು ತಾಸಿನ ವಿಳಂಬಕ್ಕೆ, ಯಾವ ಕಾರಣಕ್ಕೆ ಎಂಬ ಷರತ್ತುಗಳು ಬಿಗಿಯಾಗಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೂರುದಾರ ತನ್ನ ಊರಿನ ಜಿಲ್ಲಾ ಆಯೋಗದಲ್ಲೇ ದೂರು ದಾಖಲಿಸಬಹುದು ಎಂಬುದು ದೊಡ್ಡ ಅನುಕೂಲ. ಹುಬ್ಬಳ್ಳಿಯವನು ಮುಂಬಯಿಗೆ ಅಲೆಯಬೇಕಿಲ್ಲ. ಆದರೆ ಅಲ್ಲಿ ಸೇವೆಯ ಲೋಪವನ್ನು ಸಾಬೀತುಮಾಡಬೇಕು. ಗಡುವು ಮೀರಿ ಬಂದವನಿಗೆ ಅದು ಸುಲಭವಲ್ಲ. ಚೆಕ್-ಇನ್ ಮುಚ್ಚುವ ಸಮಯವನ್ನು ಹೊರಡುವ ಸಮಯದಷ್ಟೇ ದೊಡ್ಡ ಅಕ್ಷರಗಳಲ್ಲಿ ಟಿಕೆಟ್ಟಿನ ಮೇಲೆ ಮುದ್ರಿಸಬೇಕೆಂದು ಸರಕಾರ ಒಂದು ಸಾಲಿನ ಆದೇಶ ಹೊರಡಿಸಿದರೂ ಎಷ್ಟೋ ಜನರ ಹಣ ಉಳಿದೀತು. ಟರ್ಮಿನಲ್ಲುಗಳಿಗೆ ನೂರಾರು ಕೋಟಿ ಸುರಿಯುವ ಮಿಷನ್ನಿಗೆ ಇದು ಭಾರವಾಗಲಾರದು.

ಕರ್ನಾಟಕದಿಂದ ಹೊರಡುವವರಿಗೆ

ಕರ್ನಾಟಕದ ಪ್ರಯಾಣಿಕರಿಗೆ ಮುಖ್ಯವಾಗಿ ಮೂರು ಬಂದರುಗಳು ಹತ್ತಿರದವು: ಮುಂಬಯಿ, ಚೆನ್ನೈ, ಮತ್ತು ವಿದೇಶದ್ದಾದರೆ ಸಿಂಗಪುರ. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದ ಕಾರ್ಡೆಲಿಯಾ ಕಂಪನಿ 1990ರಲ್ಲಿ ಕಟ್ಟಿದ ‘ಎಂಪ್ರೆಸ್’ ಹಡಗನ್ನು ಗೋವಾ, ಲಕ್ಷದ್ವೀಪಗಳತ್ತ ನಡೆಸಿತು. 2022ರ ಜೂನ್‌ನಲ್ಲಿ ಚೆನ್ನೈಯಿಂದಲೂ, 2023ರಲ್ಲಿ ಅಲ್ಲಿಂದ ಶ್ರೀಲಂಕಾಕ್ಕೂ ಯಾನ ನಡೆಸಿತು. ಗೋವಾಕ್ಕೆ ಹೋಗುವವರಿಗೆ ಗುರುತಿನ ಚೀಟಿ ಸಾಕು. ಶ್ರೀಲಂಕಾಕ್ಕೆ ಹೊರಟವರು ವಲಸೆ ತಪಾಸಣೆಯ ಸಾಲಿನಲ್ಲಿ ಇನ್ನೊಂದಿಷ್ಟು ಹೊತ್ತು ಕಳೆಯಬೇಕು. ಒಂದೇ ಹಡಗಾದರೂ ದೇಶದೊಳಗಿನ ಯಾನಕ್ಕೂ ಹೊರಗಿನ ಯಾನಕ್ಕೂ ಬಂದರಿಗೆ ಹೋಗುವ ಸಮಯದಲ್ಲಿ ವ್ಯತ್ಯಾಸ ಮಾಡಿಕೊಳ್ಳಬೇಕಾದುದು ಹೀಗೆ.

ಮುಂಬಯಿಯ ಹಳೆಯ ವಿಮಾನ ನಿಲ್ದಾಣದಿಂದ ಬಲ್ಲಾರ್ಡ್ ಪಿಯರ್‌ಗೆ ಸುಮಾರು 25 ಕಿಲೋಮೀಟರ್. ನಡುರಾತ್ರಿ ಅರ್ಧ ತಾಸಿನ ದಾರಿ, ಹಗಲಿನಲ್ಲಿ ಎಷ್ಟು ತಾಸೆಂದು ಟ್ಯಾಕ್ಸಿಯವನೂ ಹೇಳಲಾರ. ಆರೆಯಿಂದ ಕಫ್ ಪರೇಡ್‌ವರೆಗಿನ ಮೆಟ್ರೊ 2025ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ಮೇಲೆ ವಿಮಾನ ನಿಲ್ದಾಣದಿಂದ ಸಿಎಸ್‌ಎಂಟಿವರೆಗೆ ಸಮಯ ಖಚಿತವಾಗಿದೆ, ಆದರೆ ನಾಲ್ಕು ಪೆಟ್ಟಿಗೆಗಳೊಂದಿಗೆ ಮೆಟ್ರೊ ಹತ್ತುವುದು ಎಲ್ಲರಿಗೂ ಒಗ್ಗುವುದಿಲ್ಲ. 2025ರ ಡಿಸೆಂಬರಿನಲ್ಲಿ ಸೇವೆ ಆರಂಭಿಸಿದ ನವಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಇಳಿದವರು ಅಟಲ್ ಸೇತುವೆಯ ಮೂಲಕ ಶಿವಡಿಗೆ ಬಂದು ಪೂರ್ವದ ಫ್ರೀವೇ ಹಿಡಿದರೆ ನೇರವಾಗಿ ಬಂದರಿನ ಬದಿಗೇ ತಲುಪುತ್ತಾರೆ. ಸಾಮಾನುಗಳಿದ್ದವರಿಗೆ ಇದೇ ಹಿತ.

ರೈಲಿನವರಿಗೆ ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸುಮಾರು ಒಂದು ಪೂರ್ತಿ ದಿನ ತೆಗೆದುಕೊಳ್ಳುತ್ತದೆ. ಹಾಗಾಗಿ ಹಿಂದಿನ ದಿನವೇ ಮುಂಬಯಿ ಸೇರುವುದು ಅನಿವಾರ್ಯ. ಅದು ನಿಲ್ಲುವ ಸಿಎಸ್‌ಎಂಟಿ ಬಂದರಿಗೆ ತೀರಾ ಸಮೀಪ. ಚೆನ್ನೈ ಹೆಚ್ಚು ಮೋಸಗೊಳಿಸುವ ಊರು. ಬೆಂಗಳೂರಿನಿಂದ 350 ಕಿಲೋಮೀಟರ್ ಮಾತ್ರ, ಬೆಳಿಗ್ಗೆ ಕಾರಿನಲ್ಲಿ ಹೊರಟರೆ ಮಧ್ಯಾಹ್ನಕ್ಕೆ ತಲುಪಬಹುದು ಎಂದು ಹೊರಡುವವರು ಬಂದರಿನ ರಸ್ತೆಯ ಕಂಟೇನರ್ ಲಾರಿಗಳ ಸಾಲನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಸಿಂಗಪುರಕ್ಕೆ ರಾತ್ರಿಯ ವಿಮಾನದಲ್ಲಿ ಹೋಗಿ ಅದೇ ದಿನ ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ಹಡಗು ಹತ್ತುವವರು ಅನೇಕ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದಿದೆ. ಹಡಗು ಮತ್ತೆ ಸಿಂಗಪುರಕ್ಕೇ ಮರಳುವುದರಿಂದ ಎರಡನೆಯ ಬಾರಿ ಪ್ರವೇಶಿಸಲು ವೀಸಾ ಒಪ್ಪುತ್ತದೆಯೇ ಎಂಬುದನ್ನು ಹತ್ತುವ ಕೌಂಟರಿನಲ್ಲೇ ನೋಡುತ್ತಾರೆ. ದಾಖಲೆಯಲ್ಲಿ ಕೊರತೆ ಕಂಡರೆ, ಬೇಗ ಬಂದವನಿಗೆ ಸರಿಪಡಿಸಿಕೊಳ್ಳಲು ಮೂರು ತಾಸು ಇರುತ್ತದೆ. ಗಡುವಿನ ಹೊತ್ತಿಗೆ ಬಂದವನಿಗೆ ಇರುವುದಿಲ್ಲ. ನಿಗದಿತ ಸಮಯಗಳಲ್ಲಿ ಮುಂಚಿನದನ್ನೇ ಆರಿಸಿಕೊಳ್ಳಬೇಕೆನ್ನುವುದಕ್ಕೆ ಈಜುಕೊಳ, ಊಟಗಳಿಗಿಂತ ಗಟ್ಟಿಯಾದ ಕಾರಣ ಇದು.

ನಮ್ಮದೇ ನವಮಂಗಳೂರು ಬಂದರಿನ ಮಾತು? ಚಳಿಗಾಲದಲ್ಲಿ ಅಲ್ಲಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು, ಪ್ರವಾಸಿಗರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿ, ಸಂಜೆ ಹೊರಟುಹೋಗುತ್ತವೆ. ಇಲ್ಲಿ ಗಡುವಿನ ಚಿಂತೆ ಪ್ರವಾಸಿಗರನ್ನು ಸುತ್ತಾಡಿಸುವ ಬಸ್ಸು, ಟ್ಯಾಕ್ಸಿಯವರದು. ಹೆದ್ದಾರಿಯಲ್ಲಿ ವಾಹನ ಸಿಕ್ಕಿಕೊಂಡರೆ ಹಡಗು ಅವರಿಗಾಗಿ ನಿಲ್ಲುವುದಿಲ್ಲ. ಇದು ಹಾದುಹೋಗುವ ಬಂದರು, ಯಾನ ಆರಂಭವಾಗುವ ಬಂದರಲ್ಲ. ಆದ್ದರಿಂದ ಕರಾವಳಿಯವರೂ ಹಡಗು ಹತ್ತಲು ಮುಂಬಯಿಗೇ ಹೋಗಬೇಕು. ಮಧ್ಯಾಹ್ನ ಮಂಗಳೂರು ಬಿಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮರುದಿನ ಮುಂಜಾನೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಸೇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅದನ್ನು ನಂಬಿ ಅದೇ ದಿನ ಹಡಗು ಹತ್ತುವುದಕ್ಕೆ ಅಡ್ಡಿಯಿಲ್ಲ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಜಾರಿಯಲ್ಲಿರುವ ತಿಂಗಳುಗಳಲ್ಲಿ, ಗುಡ್ಡ ಕುಸಿತದ ಭಯವೂ ಇರುವಾಗ, ಒಂದು ದಿನ ಮೊದಲಿನ ರೈಲಿಗೇ ಟಿಕೆಟ್ ಮಾಡಿಸಬೇಕು.